ಕಾಕಾನ ಎಡಗಡೆ ಜೇಬು

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಆಸ್ಪತ್ರೆಗಳಲ್ಲಿ ಎದೆಬಡಿತದ ಗೆರೆ ತೆಗೆಯುವ ಇಸಿಜಿ ಮಷೀನು, ಮಾನಿಟರು ರಿಪೇರಿ ಮಾಡುವುದು ನನ್ನ ಕೆಲಸ. ಹೋದ ತಿಂಗಳು ಬೆಟಗೇರಿಯ ಕಾಕಾ ಮನೆಗೆ ಕರೆಸಿದರು. "ತಮ್ಮಾ, ಎದುರಿನ ಮಾಳಿಗಿ ಮ್ಯಾಲೆ ಟವರ್ ಹಾಕ್ಯಾರ. ನನ್ನ ಪೇಸ್‌ಮೇಕರ್ ಗತಿ ಏನ?" ಹಾಗೆ ಕೇಳುವಾಗ ಅವರ ಫೋನು ಅಂಗಿಯ ಎಡಗಡೆ ಜೇಬಿನಲ್ಲಿತ್ತು. ಎದೆಯ ಚರ್ಮದ ಕೆಳಗೆ ಕೂತು ಬಡಿತ ಸರಿಯಾಗಿಡುವ ಆ ಪುಟ್ಟ ಯಂತ್ರ, ಪೇಸ್‌ಮೇಕರ್ ಮೇಲೇ!

ಮೊದಲು ಆ ಜೇಬು ಖಾಲಿ ಮಾಡಿ. ಪೇಸ್‌ಮೇಕರಿಗೂ ಫೋನಿಗೂ ನಡುವೆ ಕನಿಷ್ಠ 15 ಸೆಂಟಿಮೀಟರ್ ಬೇಕು. ಸುಮ್ನೆ ಒಂದು ಗೇಣು ಅಂತ ನೆನಪಿಡಿ. ಯಂತ್ರ ಎಡಗಡೆ ಇದ್ದರೆ ಬಲಗಿವಿಯಲ್ಲಿ ಮಾತಾಡಿ. ವೈರಿಲ್ಲದೆ ಚಾರ್ಜ್ ಆಗುವ ಕೆಲವು ಫೋನುಗಳಲ್ಲಿ ಅಯಸ್ಕಾಂತ ಇರುತ್ತದೆ. ತೀರಾ ಹತ್ತಿರ ಬಂದರೆ ಅದು ಪೇಸ್‌ಮೇಕರನ್ನು ಬೇರೆ ಲಯಕ್ಕೆ ತಿರುಗಿಸಬಹುದು. ತಲೆ ಸುತ್ತಿದರೆ ಫೋನು ದೂರ ಇಟ್ಟು ಡಾಕ್ಟರಿಗೆ ತೋರಿಸಿ.

ಇನ್ನು ಕಾಕಾ ಹೆದರಿದ ಮೊಬೈಲ್ ಟವರ್. ಅದರ ಅಲೆ ದೂರ ಹೋದಂತೆ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಅಲೆಯ ಬಲ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. 2012ರಿಂದ ನಮ್ಮ ದೇಶದಲ್ಲಿ ಟವರಿನ ಅಲೆಯ ಬಲಕ್ಕೆ ಇಟ್ಟ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಮಾತ್ರ. ಅನುಮಾನವಿದ್ದರೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ನಿಮ್ಮ ಏರಿಯಾದ ಟವರ್ ನೋಡಿ. ಶುಲ್ಕ ಕಟ್ಟಿದರೆ ಅಳತೆಯನ್ನೂ ಮಾಡಿಸಬಹುದು. ಹಪ್ಪಳ ಒಣಗಿಸಲು ಮಾಳಿಗೆ ಹತ್ತಿದವರು ಆಂಟೆನಾದ ಮುಂದೆ ಮಾತ್ರ ಹೋಗಿ ನಿಲ್ಲಬೇಡಿ.

ಟವರ್ ಬೇಡ ಅಂತ ಗಲಾಟೆ ಮಾಡುವವರಿಗೆ ಇದು ರುಚಿಸುವುದಿಲ್ಲ: ಸಿಗ್ನಲ್ ಕಡಿಮೆ ಇದ್ದಷ್ಟೂ ಫೋನು ಜಾಸ್ತಿ ಜೋರಾಗಿ ಕೂಗಬೇಕಾಗುತ್ತದೆ, ಅದೂ ನಿಮ್ಮ ಕಿವಿಯ ಪಕ್ಕದಲ್ಲೇ. ಹಾಗಾಗಿ ಒಂದೇ ಕಡ್ಡಿ ಇರುವ ನೆಲಮಾಳಿಗೆಯಲ್ಲಿ ಉದ್ದುದ್ದ ಮಾತು ಬೇಡ. ಮಾತಾಡಲೇಬೇಕಾದರೆ ಸ್ಪೀಕರ್ ಹಾಕಿ. *#07# ಒತ್ತಿದರೆ ಹೆಚ್ಚಿನ ಫೋನುಗಳು ತಮ್ಮ ಎಸ್‌ಎಆರ್ ಅಂಕಿ, ಅಂದರೆ ಫೋನಿನ ಅಲೆಯಿಂದ ನಮ್ಮ ಮೈ ಎಷ್ಟು ಶಕ್ತಿ ಹೀರುತ್ತದೆ ಅನ್ನೋದನ್ನು ತೋರಿಸುತ್ತವೆ. ಅದು ಕಿಲೋಗೆ 1.6 ವ್ಯಾಟ್ ದಾಟಬಾರದು.

ಆಸ್ಪತ್ರೆಯಲ್ಲಿ ನಾನೇ ಏಮಾರಿದ್ದೆ. ಒಂದು ಇಸಿಜಿಯಲ್ಲಿ ಗೆರೆ ಆಗಾಗ ಕಂಬಳಿಹುಳದ ಹಾಗೆ ಜುಂಗುಜುಂಗಾಗುತ್ತಿತ್ತು. ರೋಗಿಯ ಮೈಗೆ ಅಂಟಿಸುವ ಲೀಡ್ ಬದಲಿಸಿದೆ, ಅರ್ಥಿಂಗ್ ನೋಡಿದೆ, ಅರ್ಧ ದಿನ ಹೋಯಿತು. ಆಮೇಲೆ ಮಷೀನಿನ ಮೇಲಿಟ್ಟಿದ್ದ ಹಳೆಯ ಕೀಪ್ಯಾಡ್ ಫೋನಿಗೆ ಕರೆ ಬಂತು. ಪಕ್ಕದ ಸ್ಪೀಕರ್ "ಟರ್ರ್ ಟಕಟಕ" ಅಂದಿತು, ಗೆರೆಯೂ ಕುಣಿಯಿತು. ಅದು 2ಜಿ ಫೋನು. ಅಲೆಯನ್ನು ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ ಬಿಡುತ್ತದೆ. ಆ ಬಡಿತವೇ ಲೀಡಿನ ವೈರಿಗೂ ಹತ್ತುತ್ತದೆ. ರೋಗಿಯ ಜೊತೆ ಕೂರುವವರು ಫೋನನ್ನು ಮಾನಿಟರು, ಔಷಧಿ ಹನಿಸುವ ಸಿರಿಂಜ್ ಪಂಪಿನಿಂದ ಒಂದು ಮೀಟರ್ ದೂರ ಇಡಿ. ಐಸಿಯುನಲ್ಲಿ ನರ್ಸ್ ಬಂದ್ ಮಾಡಿ ಅಂದರೆ ವಾದ ಮಾಡದೆ ಬಂದ್ ಮಾಡಿ.

ಕಾಕಾನ ಫೋನು ಈಗ ಪ್ಯಾಂಟಿನ ಜೇಬಿಗೆ ಇಳಿದಿದೆ. ಎಡಗಡೆ ಜೇಬಿಗೆ ಎಲೆ-ಅಡಿಕೆ ಚಂಚಿ ಬಂದಿದೆ.