ಸಣ್ಣ ಕ್ಲೌಡ್ ಸರ್ವರ್ ವರ್ಷಗಟ್ಟಲೆ ನಿಲ್ಲದೆ ಓಡಬೇಕಾದರೆ

ಕಾಫಿ ಕೊಯ್ಲಿನ ತೂಕ, ಆಳುಗಳ ಹಾಜರಿ, ಹೋಂಸ್ಟೇ ಬುಕಿಂಗ್: ಚಿಕ್ಕಮಗಳೂರಿನ ಒಂದು ತೋಟದ ಇಷ್ಟೂ ಲೆಕ್ಕಕ್ಕೆ 1 ಜಿಬಿ ಮೆಮೊರಿಯ ಬಾಡಿಗೆ ಸರ್ವರ್ ಧಾರಾಳ ಸಾಕು. ಮಳೆಗೆ ತೋಟದಲ್ಲಿ ಕರೆಂಟ್ ಹೋದರೂ ಮುಂಬೈ ಡೇಟಾ ಸೆಂಟರ್‌ನಲ್ಲಿ ಅದು ಓಡುತ್ತಲೇ ಇರುತ್ತದೆ. ಆದರೆ ಬಟವಾಡೆ ದಿನವೇ ನಿಂತುಬಿಟ್ಟರೆ ಏನು ಗತಿ? ಇಷ್ಟು ಚಿಕ್ಕ ಸರ್ವರ್ ಕೆಲಸ ಜಾಸ್ತಿಯಾಗಿ ನಿಲ್ಲುವುದು ಅಪರೂಪ. ಸದ್ದಿಲ್ಲದೆ ಡಿಸ್ಕ್ ತುಂಬಿರುತ್ತದೆ, ಇಲ್ಲವೇ ಮೆಮೊರಿ ಮುಗಿದಿರುತ್ತದೆ. ಎರಡಕ್ಕೂ ಮೊದಲ ದಿನವೇ ಕಡಿವಾಣ ಹಾಕಿ.

ಮೊದಲು, ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ) ಆವೃತ್ತಿಯನ್ನೇ ಹಾಕಿ. 24.04ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅವು ತಾವಾಗಿಯೇ ಇನ್‌ಸ್ಟಾಲ್ ಆಗುವಂತಿರಲಿ.

ಆಮೇಲೆ ಮೆಮೊರಿ. ಅದು ಪೂರ್ತಿ ಮುಗಿದಾಗ ಲಿನಕ್ಸ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಜಾಸ್ತಿ ಮೆಮೊರಿ ಹಿಡಿದಿರುವುದು ಸಾಮಾನ್ಯವಾಗಿ ಡೇಟಾಬೇಸ್ ಅಲ್ವಾ, ಏಟು ಅದಕ್ಕೇ ಬೀಳುತ್ತದೆ. ಡಿಸ್ಕಿನ ಜಾಗವನ್ನೇ ಹೆಚ್ಚುವರಿ ಮೆಮೊರಿಯಂತೆ ಬಳಸುವ 2 ಜಿಬಿಯ ಸ್ವಾಪ್ ಫೈಲ್ ಮಾಡಿಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ. ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್, ಸ್ವಾಪ್ ಜೋಡಿಸಬೇಕೆಂದು ಹೇಳುವ ಪಟ್ಟಿ) ಅದರ ಸಾಲು ಸೇರಿಸಿ. ಸೇರಿಸದಿದ್ದರೆ ರೀಬೂಟ್ ಆದ ಮೇಲೆ ಸ್ವಾಪ್ ಇರುವುದಿಲ್ಲ.

ನಿಮ್ಮ ಸಾಫ್ಟ್‌ವೇರನ್ನು ಕೈಯಿಂದ ಶುರು ಮಾಡಿ ಸುಮ್ನೆ ಬಿಡಬೇಡಿ, ಪ್ರೋಗ್ರಾಮುಗಳನ್ನು ಶುರು ಮಾಡಿ ನೋಡಿಕೊಳ್ಳುವ ಲಿನಕ್ಸ್‌ನ ಸಿಸ್ಟಮ್‌ಡಿಗೆ ಒಪ್ಪಿಸಿ, ಸರ್ವಿಸ್ ಮಾಡಿ. ‘ರೀಸ್ಟಾರ್ಟ್=ಆಲ್ವೇಸ್’ ಎಂದು ಬರೆದರೆ ಬಿದ್ದಾಗ ತಾನೇ ಏಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬೇರೇನೂ ಹೇಳದಿದ್ದರೆ ಮತ್ತೆ ಎಬ್ಬಿಸುವ ಮೊದಲು ಸಿಸ್ಟಮ್‌ಡಿ ಕಾಯುವುದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ. 10 ಸೆಕೆಂಡಿನೊಳಗೆ 5 ಸಲ ಬಿದ್ದರೆ ಕೈಚೆಲ್ಲಿಬಿಡುತ್ತದೆ. ಡೇಟಾಬೇಸ್ ಏಳುವುದು ಸ್ವಲ್ಪ ತಡವಾದರೂ ಸಾಕು, ಹೀಗಾಗುತ್ತದೆ. ಅದಕ್ಕೇ ಪ್ರತಿ ಸಲ 5 ಸೆಕೆಂಡ್ ಕಾಯಲು ಹೇಳುವ ‘ರೀಸ್ಟಾರ್ಟ್‌ಸೆಕ್=5’ ಎಂಬ ಸಾಲೂ ಇರಲೇಬೇಕು.

ಈಗ ಡಿಸ್ಕ್. ಇದನ್ನು ತುಂಬಿಸುವುದು ನಿಮ್ಮ ಲೆಕ್ಕವಲ್ಲ, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲುಗಳು. ಸಿಸ್ಟಮ್‌ನ ಲಾಗ್‌ಗಳನ್ನು ಸಂಗ್ರಹಿಸುವ ಜರ್ನಲ್‌ಡಿಗೆ 200 ಎಂಬಿಯ ಮಿತಿ ಹಾಕಿ. ಸಾಫ್ಟ್‌ವೇರ್ ತಾನೇ ಬರೆಯುವ ಲಾಗ್‌ಗಳನ್ನು ಹಳೆಯದನ್ನು ಅಳಿಸುತ್ತಾ ಹೋಗುವ ಲಾಗ್‌ರೊಟೇಟ್‌ಗೆ ಒಪ್ಪಿಸಿ. ಸಾಫ್ಟ್‌ವೇರನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದು ಮಾಮೂಲಿಯಾಗಿ ಲಾಗ್‌ಗೆ ಮಿತಿಯನ್ನೇ ಇಡುವುದಿಲ್ಲ, ‘ಮ್ಯಾಕ್ಸ್-ಸೈಜ್’ ನೀವೇ ಕೊಡಬೇಕು.

ಬುಕಿಂಗ್ ಪುಟ ಸುರಕ್ಷಿತವಾಗಿ (https) ತೆರೆಯಲು ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುವ ಸರ್ಟಿಫಿಕೇಟ್ ಶಾಶ್ವತವಲ್ಲ, ತಿಂಗಳುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಸರ್ಟ್‌ಬಾಟ್ ಎಂಬ ಪ್ರೋಗ್ರಾಮ್ ಅದನ್ನು ತಾನೇ ನವೀಕರಿಸುತ್ತಿದೆಯೇ ಎಂದು ಪರೀಕ್ಷಿಸಿ.

ಬ್ಯಾಕಪ್ ದಿನವೂ ಆಗಲಿ, ಆದರೆ ಅದೇ ಸರ್ವರ್‌ನಲ್ಲಿ ಬೇಡ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ನಿನ್ನೆಯ ತೂಕದ ಲೆಕ್ಕ ಅದರಲ್ಲಿದೆಯೇ ನೋಡಿ.

ಎಲ್ಲ ಆದ ಮೇಲೆ ಬೇಕೆಂದೇ ಒಮ್ಮೆ ಸರ್ವರ್ ರೀಬೂಟ್ ಮಾಡಿ. ನೀವು ಏನನ್ನೂ ಮುಟ್ಟದೆ ಐದು ನಿಮಿಷದಲ್ಲಿ ಬುಕಿಂಗ್ ಪುಟ ತೆರೆಯಬೇಕು. ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾಗುತ್ತದೆ, ಈ ಪರೀಕ್ಷೆ ಅಕ್ಟೋಬರ್‌ನಲ್ಲೇ ಮುಗಿದಿರಲಿ.