ಟೆಂಟ್‌ನಲ್ಲಿ ಒಳ್ಳೆಯ ನಿದ್ದೆ ಬೇಕೆ? ಮ್ಯಾಟ್ ಆರಿಸುವುದು ಹೀಗೆ

ಶೂ, ಜಾಕೆಟ್, ಬ್ಯಾಗು ಎಲ್ಲವನ್ನೂ ನಾಲ್ಕು ಅಂಗಡಿ ಸುತ್ತಿ ಕೊಳ್ಳುವವರೇ ಮಲಗುವ ಮ್ಯಾಟ್ ವಿಷಯ ಬಂದಾಗ ‘ಒಂದು ರಾತ್ರಿ ತಾನೆ, ಏನೋ ಒಂದು ಹಾಸಿಕೊಂಡರಾಯಿತು’ ಎಂದುಬಿಡುತ್ತಾರೆ. ಆ ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಬೆಟ್ಟ ಇಳಿಯುವಾಗ ಮಂಡಿ ನಡುಗುತ್ತದೆ, ಹೆಜ್ಜೆಯ ಮೇಲೆ ನಿಗಾ ಇರುವುದಿಲ್ಲ. ಬಿಡುವು ಮಾಡಿಕೊಂಡು ಹೋದ ಪ್ರವಾಸ ಹಾಳಾಗಲು ಅಷ್ಟು ಸಾಕು.

ಮ್ಯಾಟ್ ಕೊಳ್ಳಲು ಹೋದವರು ಮೊದಲು ಬೆರಳಿನಿಂದ ಒತ್ತಿ ಮೆತ್ತಗಿದೆಯೇ ಎಂದು ನೋಡುತ್ತಾರೆ. ಮೆತ್ತಗಿರುವುದು ಬೇಕು, ನಿಜ. ಆದರೆ ಮ್ಯಾಟ್‌ನ ದೊಡ್ಡ ಕೆಲಸ ಮೈಬಿಸಿ ನೆಲಕ್ಕೆ ಸೋರದಂತೆ ತಡೆಯುವುದು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗಿನ ಸಿಂಥೆಟಿಕ್ ಹತ್ತಿ ಅಥವಾ ಗರಿ ಹಿಡಿದಿಟ್ಟ ಗಾಳಿಯಿಂದ. ಬೆನ್ನ ಕೆಳಗೆ ಬಂದ ಭಾಗ ನಮ್ಮ ಭಾರಕ್ಕೆ ಅಪ್ಪಚ್ಚಿಯಾಗಿ ಗಾಳಿಯೆಲ್ಲ ಹೊರಟುಹೋಗುತ್ತದೆ. ಅಲ್ಲಿಂದಾಚೆ ನಮಗೂ ತಣ್ಣನೆಯ ನೆಲಕ್ಕೂ ನಡುವೆ ಉಳಿಯುವುದು ಮ್ಯಾಟ್ ಒಂದೇ. ‘ಮೈನಸ್ 5 ಡಿಗ್ರಿಗೂ ಆಗುತ್ತದೆ’ ಎಂದು ಬ್ಯಾಗ್ ಮೇಲೆ ಬರೆದಿದ್ದರೂ ರಾತ್ರಿಯೆಲ್ಲ ನಡುಗಿದೆವು ಎನ್ನುವವರು ಬ್ಯಾಗನ್ನು ಬೈಯುವ ಮುಂಚೆ ಕೆಳಗೆ ಏನು ಹಾಸಿದ್ದರೆಂದು ನೆನಪಿಸಿಕೊಳ್ಳಬೇಕು. ಬ್ಯಾಗಿನ ಆ ಅಂಕಿಯನ್ನು ಅಳೆದದ್ದೇ ಕೆಳಗೆ ಮ್ಯಾಟ್ ಹಾಸಿ.

ಮೊದಲು ಜಾಗ, ಆಮೇಲೆ ಅಂಗಡಿ

ಎಲ್ಲಿಗೆ, ಯಾವ ತಿಂಗಳು, ಹೇಗೆ ಹೋಗುತ್ತೀರಿ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿಯಿತು.

ಕಾರಿನಲ್ಲಿ ಹೋಗಿ ನದಿ ದಂಡೆಯಲ್ಲೋ ತೋಟದಲ್ಲೋ ಟೆಂಟ್ ಹಾಕುವ ಕುಟುಂಬಕ್ಕೆ ತೂಕದ ಚಿಂತೆಯಿಲ್ಲ. ಅಗಲವಾದ, ದಪ್ಪನೆಯ ಮ್ಯಾಟನ್ನೇ ಒಯ್ಯಬಹುದು. ಬೆನ್ನ ಮೇಲೆ ಹೊತ್ತು ಗಂಟೆಗಟ್ಟಲೆ ಹತ್ತುವವರಿಗೆ ಅರ್ಧ ಕೆ.ಜಿ. ಕೂಡ ದೊಡ್ಡದು. ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲಿ ಡಿಸೆಂಬರ್–ಜನವರಿಯ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಉತ್ತರಾಖಂಡದ ಕೇದಾರಕಾಂತದಂಥ ಕಡೆ ಅದೇ ತಿಂಗಳಲ್ಲಿ ಟೆಂಟ್ ಕೆಳಗೆ ಹಿಮವೇ ಇರುತ್ತದೆ. ಎರಡಕ್ಕೂ ಒಂದೇ ಮ್ಯಾಟ್ ಸಾಲದು.

ನಮ್ಮ ರಾಜ್ಯದ ಹಲವು ಬೆಟ್ಟಗಳಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಎಷ್ಟೋ ಕಡೆ ರಾತ್ರಿ ಉಳಿಯಲು ಬಿಡುವುದೇ ಇಲ್ಲ. ಉಳಿಯಲು ಅವಕಾಶ ಇದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಖರೀದಿಗೆ ಇಳಿಯಿರಿ. ಹಿಮಾಲಯದ ಚಾರಣ ನಡೆಸುವ ಸಂಸ್ಥೆಗಳು ಸಾಮಾನ್ಯವಾಗಿ ಮ್ಯಾಟ್ ತಾವೇ ಕೊಡುತ್ತವೆ. ಎಂಥದ್ದು, ಎಷ್ಟು ದಪ್ಪದ್ದು ಎಂದು ಮೊದಲೇ ಕೇಳಿ. ತೆಳ್ಳಗಿದ್ದರೆ ಮೇಲೊಂದು ಹಾಸಿಕೊಳ್ಳಲು ನಿಮ್ಮದೂ ಇರಲಿ.

ಆರ್-ವ್ಯಾಲ್ಯೂ ಎಂಬ ಅಂಕಿ

ಒಳ್ಳೆಯ ಮ್ಯಾಟ್‌ನ ಚೀಟಿಯ ಮೇಲೆ ಆರ್-ವ್ಯಾಲ್ಯೂ ಎಂದು ಬರೆದಿರುತ್ತದೆ. ಶಾಖ ದಾಟಿಹೋಗದಂತೆ ಮ್ಯಾಟ್ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಇದು. ಹಿಂದೆ ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ಅಳೆಯುತ್ತಿದ್ದರಿಂದ ಹೋಲಿಸಿ ನೋಡಲು ಆಗುತ್ತಿರಲಿಲ್ಲ. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂತು. ತಣ್ಣನೆಯ ತಟ್ಟೆ ಮತ್ತು ಮೈಬಿಸಿಯಷ್ಟು ಕಾದ ತಟ್ಟೆಯ ನಡುವೆ ಮ್ಯಾಟ್ ಇಟ್ಟು, ಬಿಸಿ ತಟ್ಟೆಯನ್ನು ಹಾಗೇ ಇಡಲು ಎಷ್ಟು ವಿದ್ಯುತ್ ಬೇಕಾಗುತ್ತದೆ ಎಂದು ಅಳೆಯುತ್ತಾರೆ. ಈ ಮಾನದಂಡದ ಹೆಸರು ಕಂಡರೆ ಅಂಕಿಯನ್ನು ನಂಬಬಹುದು.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ: ಬೇಸಿಗೆಗೆ, ಬಯಲುಸೀಮೆಗೆ, ಕರಾವಳಿಗೆ 1ರಿಂದ 2 ಸಾಕು. ಘಟ್ಟದ ಚಳಿಗಾಲಕ್ಕೆ 2ರಿಂದ 3. ರಾತ್ರಿ ಸೊನ್ನೆ ಡಿಗ್ರಿ ಮುಟ್ಟುವ ಕಡೆಗೆ 4. ಹಿಮದ ಮೇಲೆ ಮಲಗುವುದಾದರೆ 5ಕ್ಕಿಂತ ಮೇಲೆ. ಬೇಗ ಚಳಿ ಹತ್ತುವವರು ಇದಕ್ಕೆ ಒಂದು ಸೇರಿಸಿಕೊಳ್ಳಿ. ಅಂಕಿ ಎರಡು ಪಟ್ಟಾದರೆ ಮ್ಯಾಟ್ ಮೂಲಕ ಸೋರುವ ಶಾಖ ಅರ್ಧಕ್ಕೆ ಇಳಿಯುತ್ತದೆ.

ಒಂದರ ಮೇಲೊಂದು ಹಾಸಿದರೆ ಅಂಕಿಗಳೂ ಕೂಡಿಕೊಳ್ಳುತ್ತವೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. 2 ಇರುವ ಫೋಮ್ ಮ್ಯಾಟ್ ಮೇಲೆ 3 ಇರುವ ಗಾಳಿ ಮ್ಯಾಟ್ ಹಾಸಿದರೆ 5. ವರ್ಷಕ್ಕೊಮ್ಮೆ ಹಿಮಾಲಯ, ಉಳಿದಂತೆ ಮಲೆನಾಡು ಎನ್ನುವವರಿಗೆ ದುಬಾರಿ ಮ್ಯಾಟ್‌ಗಿಂತ ಈ ಜೋಡಿಯೇ ಲೇಸು.

ಮೂರು ಬಗೆ

ಫೋಮ್ ಮ್ಯಾಟ್ ಅಗ್ಗ, ತೂಕ 300–400 ಗ್ರಾಂ ಆಸುಪಾಸು, ತೂತು ಬೀಳುವ ಭಯವೇ ಇಲ್ಲ. ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ. ಮಲೆನಾಡಿನ ಮಳೆಗೆ ಬ್ಯಾಗಿನ ಹೊರಗೆ ಕಟ್ಟಿಕೊಂಡು ಹೋದರೂ ಕೊಡವಿ ಒರೆಸಿದರೆ ಮುಗಿಯಿತು. ಊಟಕ್ಕೆ ಕೂರಲೂ ಅದೇ ಆಗುತ್ತದೆ. ಗಟ್ಟಿ ಎನ್ನುವುದೊಂದೇ ಕೊರತೆ. ಮೊದಲ ಬಾರಿಗೆ ಹೊರಟ ಯುವಕ ಯುವತಿಯರಿಗೆ ನಾನು ಹೇಳುವುದು ಇದನ್ನೇ. ಚಾಪೆಯ ಮೇಲೆ ಮಲಗಿ ಅಭ್ಯಾಸ ಇರುವವರಿಗೆ ಇದು ಕಷ್ಟವೇ ಅಲ್ಲ.

ಎರಡನೆಯದು ಸೆಲ್ಫ್ ಇನ್‌ಫ್ಲೇಟಿಂಗ್ ಮ್ಯಾಟ್. ಒಳಗೆ ಸ್ಪಂಜಿನಂಥ ಫೋಮ್, ಹೊರಗೆ ಗಾಳಿ ಬಿಡದ ಬಟ್ಟೆ. ವಾಲ್ವ್ ತೆರೆದಿಟ್ಟರೆ ಫೋಮ್ ತಾನೇ ಉಬ್ಬಿ ಗಾಳಿ ಎಳೆದುಕೊಳ್ಳುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿಯ ಕೆಲಸ ಕಳೆದುಕೊಂಡ ಎಂಜಿನಿಯರ್‌ಗಳು ಈ ಬಗೆಯ ಮ್ಯಾಟನ್ನು ಮಾರುಕಟ್ಟೆಗೆ ತಂದರು. ಸುಖವೂ ಹೌದು, ಬೆಚ್ಚಗೂ ಹೌದು, ಆದರೆ ಭಾರ. ಕಾರಿನಲ್ಲಿ ಹೋಗುವವರು, ಐವತ್ತು ದಾಟಿದವರು ಕಣ್ಣುಮುಚ್ಚಿ ಇದನ್ನೇ ಆರಿಸಬಹುದು.

ಮೂರನೆಯದು ಗಾಳಿ ಮ್ಯಾಟ್. ಮಡಚಿದರೆ ಒಂದು ಲೀಟರ್ ನೀರಿನ ಬಾಟಲಿಯಷ್ಟಾಗುತ್ತದೆ, ಊದಿದರೆ 7–8 ಸೆಂ.ಮೀ. ಎತ್ತರ. ಮೋಸ ಹೋಗುವುದು ಇಲ್ಲೇ. ಗಾಳಿ ಮ್ಯಾಟ್‌ಗಳಲ್ಲಿ ಎರಡು ಥರ. ಒಂದರೊಳಗೆ ಶಾಖ ಹಿಂದಕ್ಕೆ ಹೊಡೆಯುವ ಹೊಳಪಿನ ಹಾಳೆಯೋ ಸಿಂಥೆಟಿಕ್ ಹತ್ತಿಯೋ ಇರುತ್ತದೆ, ಇನ್ನೊಂದರೊಳಗೆ ಬರೀ ಗಾಳಿ. ಬರೀ ಗಾಳಿಯಿದ್ದರೆ ಮೈ ತಾಗಿ ಬಿಸಿಯಾದ ಗಾಳಿ ಒಳಗೇ ಓಡಾಡಿ ಆ ಬಿಸಿಯನ್ನು ಕೆಳಗೆ ಕಳೆದುಕೊಳ್ಳುತ್ತದೆ. ಮನೆಗೆ ನೆಂಟರು ಬಂದಾಗ ಊದುವ ದಪ್ಪನೆಯ ಪಿವಿಸಿ ಏರ್‌ಬೆಡ್ ಬೆಟ್ಟದ ಮೇಲೆ ತೆಳ್ಳನೆಯ ಫೋಮ್‌ಗಿಂತ ತಣ್ಣಗಿರುವುದು ಇದಕ್ಕೇ. ಹಾಗಾಗಿ ದಪ್ಪ ನೋಡಿ ಬೆರಗಾಗಬೇಡಿ, ಒಳಗೆ ಏನಿದೆ ಕೇಳಿ. ಹೊಳಪಿನ ಹಾಳೆ ಇರುವ ಕೆಲವು ಮ್ಯಾಟ್‌ಗಳು ಮಗ್ಗುಲಾದಾಗಲೆಲ್ಲ ಚರಚರ ಎನ್ನುತ್ತವೆ. ಟೆಂಟ್‌ನಲ್ಲಿ ಜೊತೆಗೆ ಮಲಗುವವರ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯೋಗ ಮ್ಯಾಟ್ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬೇಸಿಗೆಯ ಒಂದು ರಾತ್ರಿಗೆ ಆದೀತು. ಅದು ಕಾಲು ಜಾರದಿರಲೆಂದು ಮಾಡಿದ್ದು. ತೂಕ ಹೆಚ್ಚು, ಚಳಿ ತಡೆಯುವುದು ಕಡಿಮೆ. ಅದಕ್ಕಿಂತ ಕಂಬಳಿ ವಾಸಿ. ಕುರಿಮಂದೆಯ ಜೊತೆ ಬಯಲಿನಲ್ಲಿ ರಾತ್ರಿ ಕಳೆಯುವ ನಮ್ಮ ಕುರಿಗಾಹಿಗಳು ಕಂಬಳಿಯನ್ನು ಹೊದೆಯುವುದೂ ಉಂಟು, ಹಾಸುವುದೂ ಉಂಟು. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ, ಸ್ವಲ್ಪ ತೇವವಾದರೂ ಬಿಸಿ ಬಿಡುವುದಿಲ್ಲ. ಕಾರಿನಲ್ಲಿ ಹೋಗುವಾಗ ಫೋಮ್ ಮೇಲೊಂದು ಕಂಬಳಿ ಹಾಸಿ ನೋಡಿ.

ನೀವು ಮಲಗುವ ರೀತಿ

ಅಂಗಾತ ಮಲಗುವವರ ಭಾರ ಇಡೀ ಬೆನ್ನಿಗೆ ಹಂಚಿಹೋಗುತ್ತದೆ, 2–3 ಸೆಂ.ಮೀ. ದಪ್ಪ ಸಾಕು. ಮಗ್ಗುಲಾಗಿ ಮಲಗುವವರ ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆಯ ಮೇಲೆ. ಅವರಿಗೆ 6 ಸೆಂ.ಮೀ.ಗಿಂತ ಕಡಿಮೆ ಬೇಡ. ಸಾಮಾನ್ಯ ಅಳತೆ 183 ಸೆಂ.ಮೀ. ಉದ್ದ, 51 ಸೆಂ.ಮೀ. ಅಗಲ. ಭುಜ ಅಗಲವಿರುವವರ ಮೊಣಕೈ ಇದರಿಂದ ಹೊರಗೆ ಜಾರಿ ನೆಲಕ್ಕೆ ತಾಗುತ್ತದೆ. ಅಂಥವರಿಗೆ 64 ಸೆಂ.ಮೀ.ನದು ಬೇಕು. ಆದರೆ ಟೆಂಟ್ ಒಳಗೆ ಅಷ್ಟು ಜಾಗವಿದೆಯೇ ಎಂದು ಟೇಪು ಹಿಡಿದು ನೋಡಿ. ಇಬ್ಬರ ಟೆಂಟ್‌ನಲ್ಲಿ ಎರಡು ಅಗಲದ ಮ್ಯಾಟ್ ಹಿಡಿಸುವುದು ಅಪರೂಪ.

ಅಂಗಡಿಯಲ್ಲಿ ಸಂಕೋಚ ಬಿಟ್ಟು ಮಲಗಿ. ಎರಡು ನಿಮಿಷ ಸಾಲದು, ಹತ್ತು ನಿಮಿಷ ನಿಮ್ಮ ರೂಢಿಯ ಮಗ್ಗುಲಲ್ಲೇ ಇರಿ. ಗಾಳಿ ಮ್ಯಾಟ್ ಆದರೆ ಗಟ್ಟಿಯಾಗಿ ಊದಿ ಮಲಗಿ, ಮಲಗಿದಂತೆಯೇ ವಾಲ್ವ್‌ನಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಡಿ. ಸೊಂಟ ಇಳಿಯುತ್ತಾ ಬಂದು ನೆಲ ತಾಗಲು ಒಂದೆರಡು ಬೆರಳಿನಷ್ಟು ಜಾಗ ಉಳಿದಾಗ ನಿಲ್ಲಿಸಿ. ಅದೇ ನಿಮಗೆ ಹಿತವಾದ ಹದ. ಆ ಹದದಲ್ಲಿ ಮಗ್ಗುಲು ಬದಲಿಸುವಾಗ ಸೊಂಟ ನೆಲ ತಾಗಿದರೆ ಆ ಮ್ಯಾಟ್ ನಿಮ್ಮದಲ್ಲ. ಎದ್ದು ಕೂರುವಾಗ ಮಂಡಿಗೆ ತ್ರಾಸಾಗುತ್ತದೆಯೇ ಎಂಬುದನ್ನೂ ಗಮನಿಸಿ. ಬೆಂಗಳೂರಿನಂಥ ಊರುಗಳಲ್ಲಿ ಚಾರಣದ ಸಾಮಾನು ಬಾಡಿಗೆಗೂ ಸಿಗುತ್ತದೆ. ಮೊದಲ ಸಲ ಬಾಡಿಗೆಗೆ ತಂದು ಮನೆಯ ನೆಲದ ಮೇಲೆ ಒಂದು ರಾತ್ರಿ ಮಲಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಮೇಲೆ ನಿಮ್ಮದೇ ಬೆಡ್‌ಶೀಟ್ ಇರಲಿ.

ಹಾಸುವಾಗ

ಟೆಂಟ್ ಹಾಕುವ ಮೊದಲು ನೆಲವನ್ನು ಅಂಗೈಯಿಂದ ಸವರಿ ಕಲ್ಲು, ಮುಳ್ಳು, ಒಣಕಡ್ಡಿ ಆರಿಸಿ ತೆಗೆಯಿರಿ. ಲಂಟಾನದ ಒಣ ಮುಳ್ಳೊಂದೇ ಸಾಕು ಗಾಳಿ ಮ್ಯಾಟ್ ಕೆಡಿಸಲು. ನೆಲ ಅಗೆಯಬೇಡಿ, ಗಿಡ ಕೀಳಬೇಡಿ. ಇಳಿಜಾರಿದ್ದರೆ ತಲೆ ಮೇಲ್ಗಡೆಗೆ ಇರಲಿ.

ಬಾಯಿಂದ ಊದುವ ಅಭ್ಯಾಸ ಬೇಡ. ಉಸಿರಿನ ತೇವ ಒಳಗೆ ಸೇರಿ ಬೂಷ್ಟು ಹಿಡಿಯುತ್ತದೆ. ಮ್ಯಾಟ್ ಜೊತೆ ಬರುವ ಚೀಲದ ಪಂಪನ್ನೇ ಬಳಸಿ. ಸಂಜೆ ಗಟ್ಟಿಯಾಗಿದ್ದ ಮ್ಯಾಟ್ ನಡುರಾತ್ರಿ ಮೆತ್ತಗಾದರೆ ತೂತೇ ಬಿದ್ದಿದೆ ಎಂದು ಗಾಬರಿಯಾಗಬೇಡಿ. ತಣ್ಣಗಾದ ಗಾಳಿ ಕುಗ್ಗುತ್ತದೆ. 30 ಡಿಗ್ರಿಯಿಂದ 10ಕ್ಕೆ ಇಳಿದರೆ ಸುಮಾರು ನೂರಕ್ಕೆ ಏಳರಷ್ಟು ಕಡಿಮೆಯಾಗುತ್ತದೆ. ಮಲಗುವ ಮುನ್ನ ಇನ್ನೊಮ್ಮೆ ಊದಿಕೊಂಡರೆ ಸರಿಹೋಗುತ್ತದೆ. ಇದರ ಉಲ್ಟಾ ಲೆಕ್ಕವೂ ಇದೆ: ಊದಿದ ಮ್ಯಾಟನ್ನು ಹಗಲು ಬಿಸಿಲಿನ ಟೆಂಟ್‌ನಲ್ಲಿ ಬಿಟ್ಟುಹೋದರೆ ಗಾಳಿ ಹಿಗ್ಗಿ ಅಂಟಿಸಿದ ಪದರ ಬಿಟ್ಟುಕೊಳ್ಳಬಹುದು. ಹೊರಡುವಾಗ ವಾಲ್ವ್ ಸಡಿಲಿಸಿ.

ನಿಜವಾಗಿಯೂ ತೂತಾದರೆ ಸೋಪಿನ ನೀರು ಸವರಿ, ಗುಳ್ಳೆ ಏಳುವ ಕಡೆ ಗುರುತು ಹಾಕಿ. ಹಳ್ಳ, ತೊರೆಯಲ್ಲಿ ಸೋಪು ಕಲಸಬೇಡಿ, ಬಟ್ಟಲಲ್ಲಿ ಮಾಡಿ. ಒರೆಸಿ, ಪೂರ್ತಿ ಒಣಗಿಸಿ, ಪ್ಯಾಚ್ ಅಂಟಿಸಿ ಕೆಲ ಹೊತ್ತು ಒತ್ತಿ ಹಿಡಿಯಿರಿ. ಪ್ಯಾಚ್ ಕಿಟ್ ಇಲ್ಲದೆ ಗಾಳಿ ಮ್ಯಾಟ್ ಒಯ್ಯಬಾರದು.

ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಸೆಲ್ಫ್ ಇನ್‌ಫ್ಲೇಟಿಂಗ್ ಮ್ಯಾಟನ್ನು ಸುತ್ತಿ ಕಟ್ಟಿಟ್ಟರೆ ಒಳಗಿನ ಫೋಮ್ ಅಮುಕಿಕೊಂಡು ಮುಂದಿನ ಸಲ ಉಬ್ಬುವುದೇ ಇಲ್ಲ. ವಾಲ್ವ್ ತೆರೆದು, ಬಿಡಿಸಿ, ಮಂಚದ ಕೆಳಗೆ ಚಪ್ಪಟೆಯಾಗಿ ಇಡಿ.