ಕೋರ್ಟ್ ಫೀ ಕಟ್ಟಲು ಹಣವಿಲ್ಲದಾಗ ಮೇಲ್ಮನವಿ ಹಾಕುವುದು ಹೇಗೆ

ಹಾಸನ, ಚಿಕ್ಕಮಗಳೂರು ಕಡೆ ಜಮೀನಿನ ದಾವೆ ಸೋತವರು ಕೋರ್ಟ್ ಫೀಗೆ ಹಣವಿಲ್ಲವೆಂದು ಮೇಲ್ಮನವಿಯನ್ನೇ ಕೈಬಿಡುವುದುಂಟು. ಹಾಗೆ ಬಿಡಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ನೇ ಆದೇಶದಡಿ, ಫೀ ಕಟ್ಟದೆ ನಿರ್ಗತಿಕ ವ್ಯಕ್ತಿಯಾಗಿ ಮೇಲ್ಮನವಿ ಸಲ್ಲಿಸಲು ಅನುಮತಿ ಕೇಳಬಹುದು.

ಮೊದಲು ದಿನ ಎಣಿಸಿ, ಜನ ಎಡವುವುದು ಇಲ್ಲೇ. ಫೀ ಕಟ್ಟಿ ಹೈಕೋರ್ಟಿಗೆ ಹೋಗಲು 90 ದಿನವಿದೆ. ಈ ಅನುಮತಿ ಅರ್ಜಿಗೆ 60 ದಿನ ಮಾತ್ರ. ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗಾದರೆ 30 ದಿನ. ಎಣಿಕೆ ಡಿಕ್ರಿಯ, ಅಂದರೆ ತೀರ್ಪಿನಂತೆ ಕೋರ್ಟ್ ಹೊರಡಿಸುವ ಔಪಚಾರಿಕ ಆದೇಶದ, ದಿನಾಂಕದಿಂದ. ದೃಢೀಕೃತ ನಕಲು ಕೈಸೇರಲು ಕೋರ್ಟಿನಲ್ಲಿ ಹಿಡಿದ ದಿನಗಳನ್ನು ಕಳೆಯುತ್ತಾರೆ, ನೀವು ನಕಲಿಗೆ ಅರ್ಜಿ ಕೊಡದೆ ಕೂತ ದಿನಗಳನ್ನಲ್ಲ. ಅದಕ್ಕೇ ತೀರ್ಪು ಬಂದ ವಾರದೊಳಗೆ ನಕಲು ಅರ್ಜಿ ಹಾಕಿಬಿಡಿ. ಗಡುವು ಮೀರಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ, ತಡವಾದ ಕಾರಣವನ್ನು ಪುರಾವೆ ಸಮೇತ ತಿಳಿಸಿ ಮನ್ನಿಸಲು ಕೋರಬೇಕು.

ಅರ್ಜಿಯ ಜೊತೆಗೆ ಮೇಲ್ಮನವಿಯ ಮೆಮೊ, ಅಂದರೆ ಡಿಕ್ರಿ ಏಕೆ ತಪ್ಪೆಂದು ಕಾರಣ ಬರೆದ ಪತ್ರ, ಇರಲೇಬೇಕು. ಅರ್ಜಿಯಲ್ಲಿ ನಿಮ್ಮ ಸ್ಥಿರ, ಚರ ಆಸ್ತಿಯ ಪಟ್ಟಿಯನ್ನು ಅಂದಾಜು ಬೆಲೆ ಸಮೇತ ಬರೆದು, ಸತ್ಯಾಪನೆ ಮಾಡಿ ಸಹಿ ಹಾಕಬೇಕು. ಪಹಣಿ, ಬ್ಯಾಂಕ್ ಪಾಸ್‌ಬುಕ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಡಿತರ ಚೀಟಿ ಲಗತ್ತಿಸಿ. ದಾವೆಯಲ್ಲಿರುವ ಸ್ವತ್ತನ್ನು ನಿಮ್ಮ ಶಕ್ತಿಯೆಂದು ಎಣಿಸುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಡಿ ಜಪ್ತಿಗೆ ಬಾರದವೂ ಹೊರಗೆ: ರೈತ ಅಥವಾ ಕೂಲಿಕಾರ ವಾಸವಿರುವ ಸ್ವಂತ ಮನೆ, ಉಳುಮೆಯ ಸಲಕರಣೆ, ಅಡುಗೆ ಪಾತ್ರೆ, ಧರ್ಮಾಚಾರದಂತೆ ಹೆಣ್ಣುಮಗಳು ತೆಗೆಯಲಾಗದ ಒಡವೆ. ಎಣಿಕೆಗೆ ಬಾರದಿದ್ದರೂ ಇವನ್ನೆಲ್ಲ ಪಟ್ಟಿಯಲ್ಲಿ ಬರೆಯಿರಿ. ಬೇರೆ ಕಡೆಯ ಅರ್ಧ ಎಕರೆ ಕಾಫಿ ತೋಟವನ್ನು ಮುಚ್ಚಿಟ್ಟರೆ ಎದುರುದಾರರು ಪಹಣಿ ತಂದು ತೋರಿಸುತ್ತಾರೆ. ಆಮೇಲೆ ನಿಮ್ಮ ನಿಜವಾದ ಬಡತನವನ್ನೂ ನಂಬಿಸುವುದು ಕಷ್ಟ. ಅರ್ಜಿಗೆ ಹಿಂದಿನ ಎರಡು ತಿಂಗಳಲ್ಲಿ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೂ ಅರ್ಜಿ ವಜಾ ಆಗುತ್ತದೆ.

ಹಾಜರಾತಿಯಿಂದ ವಿನಾಯಿತಿ ಇಲ್ಲದಿದ್ದರೆ ಅರ್ಜಿಯನ್ನು ನೀವೇ ಕೋರ್ಟಿಗೆ ಹೋಗಿ ಸಲ್ಲಿಸಬೇಕು. ಸರ್ಕಾರಿ ವಕೀಲರಿಗೂ ಎದುರುದಾರರಿಗೂ ನೋಟಿಸ್ ಹೋಗಿ ವಿಚಾರಣೆ ನಡೆಯುತ್ತದೆ. ಕೆಳಕೋರ್ಟಿನಲ್ಲೇ ನಿರ್ಗತಿಕರೆಂದು ಅನುಮತಿ ಸಿಕ್ಕಿತ್ತೇ? ಹಾಗಾದರೆ ಡಿಕ್ರಿಯ ನಂತರವೂ ಸ್ಥಿತಿ ಸುಧಾರಿಸಿಲ್ಲವೆಂಬ ಅಫಿಡವಿಟ್ ಸಾಕು. ಸರ್ಕಾರಿ ವಕೀಲರೋ ಎದುರಿನವರೋ ಅದನ್ನು ಅಲ್ಲಗಳೆದರೆ ಮಾತ್ರ ಮತ್ತೆ ವಿಚಾರಣೆ.

ಅರ್ಜಿ ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿ ನಿಲ್ಲದು, ತಡೆಯಾಜ್ಞೆಯನ್ನು ಬೇರೆಯಾಗಿಯೇ ಕೇಳಬೇಕು. ಫೀ ಪೂರ್ತಿ ಮನ್ನಾ ಆಯಿತೆಂದೂ ತಿಳಿಯಬೇಡಿ. ಸೋತರೆ ಸರ್ಕಾರ ನಿಮ್ಮಿಂದಲೇ ವಸೂಲು ಮಾಡಬಹುದು. ಗೆದ್ದರೆ ಕೋರ್ಟ್ ಯಾರು ಕೊಡಬೇಕೆನ್ನುತ್ತದೋ ಅವರಿಂದ, ಮತ್ತು ಆ ಬಾಕಿಗೆ ದಾವಾ ಸ್ವತ್ತಿನ ಮೇಲೆ ಮೊದಲ ಹಕ್ಕಿರುತ್ತದೆ.

ಅರ್ಜಿ ತಿರಸ್ಕೃತವಾಗುವಂತಿದ್ದರೆ ಅಲ್ಲೇ, ಅದೇ ಆದೇಶದಲ್ಲೇ ಫೀ ಕಟ್ಟಲು ಕಾಲಾವಕಾಶ ಕೇಳಿ. ಕೊಟ್ಟ ಗಡುವಿನೊಳಗೆ ಕಟ್ಟಿದರೆ ಮೊದಲ ದಿನವೇ ಕಟ್ಟಿದಂತೆ ಲೆಕ್ಕ.

ಇನ್ನೊಂದು ದಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರನ್ನು ಕೇಳಬಹುದು. ಕೋರ್ಟ್ ಫೀ ಭರಿಸುವುದೂ ಆ ನೆರವಿನಲ್ಲಿ ಸೇರಿದೆ. ಸಹಾಯವಾಣಿ 15100. ನಕಲು ಅರ್ಜಿ ಹಾಕಿದ ದಿನವೇ ಅಲ್ಲಿಗೂ ಹೋಗಿ ಬನ್ನಿ.